ಬಾಗಿಲ ಬಳೆ

ಕೆಂಪು, ನೀಲಿ, ಮತ್ತೆ ಕೆಂಪು — ಕಿಟಕಿಯ ಬಣ್ಣದ ಗಾಜಿನಿಂದ ಇಳಿದ ಬಿಸಿಲಲ್ಲಿ ಮಹ್ಲಕಾ ಬೆರಳು ಮಡಚಿ ಬಿಡಿಸಿದಳು, ಏಳು ವರ್ಷದವಳಿದ್ದಾಗಲೂ ಹೀಗೇ ಆಡುತ್ತಿದ್ದಳು, ಇದೇ ಕಿಟಕಿ, ಕಾಶಾನ್ ಊರಿನ ಇದೇ ಮರಳು ಬೆರೆತ ಸೆಕೆ, ಆಗ ಇದು ಅಪ್ಪನ ಮನೆ, ಈಗ ಪಕ್ಕದ ಬಾಗಿಲಲ್ಲಿ ಟಿಕೆಟ್ ತೋರಿಸಿ ಒಳಗೆ ಬರಬೇಕು, ಇರಲಿ ಬಿಡು, ಅರವತ್ತು ವರ್ಷ ಕಳೆದ ಮೇಲೆ ಯಾವ ಮನೆ ಯಾರದು — ಮೀಸೆಯ ಗೈಡು ಪ್ರವಾಸಿಗಳಿಗೆ ಒಂದೇ ಸಮನೆ ಬುರುಡೆ ಬಿಡುತ್ತಿದ್ದಾನೆ, ಇನ್ನೂರು ಒಂಟೆ ಇತ್ತಂತೆ ಈ ಸಾಹುಕಾರರಿಗೆ, ಮನೆಮಗಳ ಮದುವೆ ದಿನ ಈ ಕಾರಂಜೀಲಿ ಬರೀ ಗುಲಾಬಿನೀರಂತೆ, ಸುಳ್ಳು, ಎರಡು ಸೀಸೆ ಸುರಿದಿದ್ದರು ಅಷ್ಟೆ, ಅದಕ್ಕೂ ಅಪ್ಪನ ತಾಯಿ ಬೀಬಿ ವಾರವಿಡೀ ಗೊಣಗಿದ್ದಳು, ಇನ್ನೊಂದು ಮಜಾ ಕೇಳಿ ಅಂದ ಗೈಡು, ಈ ಮನೆ ಕೊನೇ ಸೊಸೆ ಅದೇ ಮದುವೇಲಿ ವಾದ್ಯ ನುಡಿಸೋಕೆ ಬಂದೋನ ಜೊತೆ ಪರಾರಿ, ಮತ್ತೆ ಈ ಕಡೆ ತಲೆ ಹಾಕ್ಲೇ ಇಲ್ಲ — ಜನ ನಕ್ಕರು, ಅಮ್ಮನ ಕಥೆಗೆ ನಕ್ಕರು, ಮಹ್ಲಕಾಳೂ ತುಟಿ ಅರಳಿಸಿದಳು, ಎಂಥ ಹೇಡಿ ನಾನು.

ಬಂದಿದ್ದಳಲ್ಲ ಅಮ್ಮ, ಆರೇ ತಿಂಗಳಿಗೆ ಬಂದಿದ್ದಳಲ್ಲ, ಕಾಲು ತಾನಾಗಿ ಹೆಬ್ಬಾಗಿಲ ಕಡೆ ಎಳೆಯುತ್ತಿದೆ, ಹೊರಗಡೆ ತಟ್ಟುವುದಕ್ಕೆ ಎರಡಿವೆ, ಗಂಡಸರಿಗೆ ದಪ್ಪ ಸುತ್ತಿಗೆ, ಹೆಂಗಸರಿಗೆ ತೆಳ್ಳನೆಯ ಬಳೆ, ಧಡ್ ಎಂದರೆ ಗಂಡಸು ಏಳಬೇಕು, ಟಿಣ್ ಎಂದರೆ ಹೆಂಗಸರೇ ಹೋಗಬೇಕು, ಅವತ್ತು ಮಧ್ಯಾಹ್ನ ಟಿಣ್, ಸ್ವಲ್ಪ ಬಿಟ್ಟು ಟಿಣ್, ಅಪ್ಪ ಪಕ್ಕದ ಕೋಣೆಯಲ್ಲೇ ಕಲ್ಲಂಗಡಿ ತಿನ್ನುತ್ತಿದ್ದಾನೆ, ಕೇಳಿಸಿದೆ, ಏಳುವುದಿಲ್ಲ, ಯಾರೋ ಹೆಂಗಸರು, ಹೋಗಿ ನೋಡೇ ಪುಟ್ಟಿ, ಓಡಿದಳು, ಬಾಗಿಲ ಕೆಳಗಿನ ಬೆಳಕಿನ ಗೀರಿನಲ್ಲಿ ಎರಡು ಹಸಿರು ಚಪ್ಪಲಿಯ ತುದಿ, ಅಮ್ಮನದು, ಅಗುಳಿಗೆ ಕೈ ಹಾಕಿಯೇಬಿಟ್ಟಿದ್ದಳು, ಹಿಂದಿನಿಂದ ಬೀಬಿ ಭುಜ ಅದುಮಿದಳು, ಯಾರೂ ಇಲ್ಲ ಕಣೇ, ಗಾಳಿ, ಅಪ್ಪಂಗೂ ಹಂಗೇ ಹೇಳು, ಅವನ ಕಣ್ಣಿಗೆ ಬಿದ್ರೆ ನಿಮ್ಮಮ್ಮನ್ನ ಜೀವಸಹಿತ ಬಿಡಲ್ಲ, ಒಂದು ಹಸಿರು ತುದಿ ಸರಿಯಿತು, ಇನ್ನೊಂದು ತುಂಬ ಹೊತ್ತು ನಿಂತೇ ಇತ್ತು, ಗಾಳಿ ಅಪ್ಪ, ಅಂದಳು — ಅಮ್ಮಾ, ಆ ಸುತ್ತಿಗೆ ಎತ್ತಿ ಒಂದೇ ಒಂದು ಸಲ ಬಡಿದಿದ್ದರೆ ಅಪ್ಪನೇ ಎದ್ದು ಬರುತ್ತಿದ್ದ, ಓಡಿಹೋಗುವಾಗ ಇಲ್ಲದ ಮರ್ಯಾದೆ ಬಾಗಿಲು ತಟ್ಟುವಾಗ ಎಲ್ಲಿಂದ ಬಂತೇ ನಿನಗೆ — ಸಾಯುವ ದಿನ ಅಪ್ಪ ಅಂದ, ಒಂದ್ಸಲ, ಒಂದೇ ಸಲ ಬಂದಿದ್ರೆ ಸಾಕಿತ್ತು, ಬಾಗಿಲು ತೆಗೀತಿದ್ದೆ, ಇವಳು ದಿಂಬು ಸರಿಮಾಡಿದಳು, ಗಂಡನಿಗೂ ಹೇಳಲಿಲ್ಲ, ಹೆತ್ತ ಮಕ್ಕಳಿಗೂ ಹೇಳಲಿಲ್ಲ, ತುಂಬಿದ ಮನೆಯಲ್ಲಿ ಇಷ್ಟು ವರ್ಷ ಒಬ್ಬಳೇ ಇದ್ದಳು.

ಟಿಣ್. ಹೊರಗೆ ಯಾರೋ ಪ್ರವಾಸಿ, ಆಟಕ್ಕೆ, ಮತ್ತೆ ಟಿಣ್, ಮಹ್ಲಕಾಳ ಕೈ ಅಗುಳಿಯ ಮೇಲಿದೆ, ಅಗುಳಿಗೆ ಬೀಗ ಜಡಿದಿದೆ, ಎಳೆದಳು, ಗೈಡು ಓಡಿ ಬಂದ, ಅಮ್ಮಾ, ಅದನ್ನ ತೆಗೆಯಲ್ಲ ನಾವು, ಬನ್ನಿ ಈ ಕಡೆ, ಅಲ್ಲಿ ಯಾರೂ ಇಲ್ಲ — ಬಂದಿದ್ಲು ಕಣಪ್ಪಾ, ಜೋರಾಗಿಯೇ ಅಂದಳು, ಅರವತ್ತು ವರ್ಷದಲ್ಲಿ ಮೊದಲ ಸಲ, ಈ ಮನೆ ಸೊಸೆ ವಾಪಸ್ ಬಂದಿದ್ಲು, ನಾನೇ ತೆಗೀಲಿಲ್ಲ, ಯಾರೂ ನಗಲಿಲ್ಲ, ಹೊರಗೂ ಸದ್ದು ನಿಂತಿತು, ಅವಳು ತಲೆ ಬಗ್ಗಿಸಿದಳು, ಬಾಗಿಲ ಕೆಳಗೆ ಬೆಳಕಿನ ಗೀರು, ಒಂದು ತುದಿ ಸರಿಯಿತು, ಇನ್ನೊಂದು ಇನ್ನೂ ನಿಂತಿದೆ, ಹಸಿರು, ನಿಂತಿದೆ, ಹಸಿರು