ಸೋತವನ ಕೊರಳಿಗೆ ಹಾರ

ಮಳಗಿ ಊರಿನಲ್ಲಿ ತನ್ನ ಕೇರಿಗೆ ನಳ ತರಿಸಲು ವರ್ಷಗಟ್ಟಲೆ ಓಡಾಡಿದ ರಾಜಶ್ರೀ ಪಂಚಾಯಿತಿ ಚುನಾವಣೆಯಲ್ಲಿ ಗುತ್ತಿಗೆದಾರನೊಬ್ಬನೆದುರು ನಾಲ್ಕೇ ಮತಗಳಿಂದ ಸೋತಳು. ಮೂರನೆಯವನಾಗಿ ನಿಂತು ಠೇವಣಿ ಕಳೆದುಕೊಂಡ ಈರೇಶ ಮಾತ್ರ ಹಾರ ಹಾಕಿಕೊಂಡು, ಮೈತುಂಬ ಗುಲಾಲು ಬಳಿದುಕೊಂಡು ಸೋದರತ್ತೆ ಹೊಳೆವ್ವನ ಕಾಲಿಗೆರಗಲು ಬಂದ.

“ಸೋತವಗ ಹಾರ ಯಾರು ಹಾಕಿದ್ರೋ?”

“ಗೆದ್ದವರೇ ಹಾಕಿದ್ರು, ಅತ್ತಿ. ದೊಡ್ಡ ಮನಸು ಅವರದು.”

ಹೊಳೆವ್ವ ಆ ಹಾರವನ್ನೇ ನೋಡಿದಳು. “ರಾಜಶ್ರೀ ಮತ ಒಡೀಲಿ ಅಂತ ನಿನ್ನ ನಿಲ್ಲಿಸಿದ್ರೇನು?”

“ನನಗ ಹಾಕಿದವರು ಅಕಿಗೆ ಹಾಕ್ತಿದ್ರು ಅಂತ ಏನು ಖಾತ್ರಿ?”

“ನಮ್ಮ ಮನಿ ಐದೂ ಮತ ಅಕಿಗೇ ಇದ್ದುವು. ತವರಮನಿ ಹುಡುಗ ಅಂತ ನಾನ ನಿನಗ ಹಾಕಿಸಿದೆ.”

ಈರೇಶ ಬಗ್ಗಿದ. ಹೊಳೆವ್ವ ಕಾಲು ಹಿಂದಕ್ಕೆಳೆದುಕೊಂಡಳು.

“ಮುಟ್ಟಬ್ಯಾಡ.”

ಅವನನ್ನು ಅಲ್ಲೇ ಬಿಟ್ಟು ಅವಳು ರಾಜಶ್ರೀಯ ಮನೆಯತ್ತ ನಡೆದಳು. ಅಲ್ಲಿ ಒಪ್ಪಿಕೊಳ್ಳಬೇಕಾದ ಮಾತು ಆಗಲೇ ಬಾಯಲ್ಲಿ ಕಹಿಯಾಗಿತ್ತು.