ಪುಕ್ಕಲಕ್ಕನಿಗೆ ಕಂಡ ಗೂನು

ಹೌದು, ಅವಳೇ, ಆಸಿಡ್ ಬಿದ್ದು ಎಡಜೇಬು ಸುಟ್ಟ ಬಿಳಿ ಕೋಟನ್ನು ಬದಲಾಯಿಸದೆ, ಮಲಗಿದ ಮಗು ಎದ್ದೀತೇನೋ ಎಂಬಂತೆ ಯಂತ್ರದ ಮುಂದೆ ತುದಿಗಾಲಲ್ಲಿ ಓಡಾಡುವವಳು. ಔಷಧ ಕಾರ್ಖಾನೆಯ ಪರೀಕ್ಷಾಲಯದಲ್ಲಿ ಎಲ್ಲರಿಗೂ ಅವಳು ಪುಕ್ಕಲಕ್ಕ. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗುತ್ತಾಳೆ. ಬರಿಯ ನೀರನ್ನೂ ಪರೀಕ್ಷೆಯ ಯಂತ್ರಕ್ಕೆ ಮೂರು ಸಲ ಕುಡಿಸಿ, ಪರದೆಯ ಗೆರೆ ನೆಟ್ಟಗೆ ಬಂದರಷ್ಟೇ ಉಸಿರು ಬಿಡುತ್ತಾಳೆ. ಮಾತಿಗೊಮ್ಮೆ "ಅಕಸ್ಮಾತ್?" ಎನ್ನುತ್ತಾಳೆ.

ಕೆಲಸವೇ ಅಂಥದ್ದು. ಮಕ್ಕಳ ಕೆಮ್ಮಿನ ಸಿರಪ್ಪಿಗೆ ಬೆರೆಸುವ ಸಿಹಿ ದ್ರಾವಕಕ್ಕೆ ವಿಷದ ದಾಯಾದಿಯೊಂದಿದೆ. ನೋಟದಲ್ಲಿ ಎರಡೂ ಒಂದೇ. ಎರಡೂ ನೀರಿನ ಗೆಳೆಯರು. ಜಿಡ್ಡಿನ ಸ್ವಭಾವದ ಪುಡಿ ತುಂಬಿದ ಮಾಮೂಲಿ ಕಾಲಂ, ಅಂದರೆ ಯಂತ್ರದ ಗೇಣುದ್ದದ ಉಕ್ಕಿನ ಕೊಳವೆ, ಅದರೊಳಗೆ ಹರಿಸಿದರೆ ಎಲ್ಲೂ ನಿಲ್ಲದೆ ಕೈಕೈ ಹಿಡಿದು ಹೊರಗೋಡುತ್ತವೆ. ಒಂದೊಂದು ವಸ್ತುವಿಗೆ ಒಂದೊಂದು ಶಿಖರವಾಗಿ ಏರಬೇಕಾದ ಗೆರೆ, ಪರದೆಯ ಮೇಲೆ ಒಂದೇ ಶಿಖರವಾಗಿ ಏರುತ್ತದೆ. ನೀರಿನ ಗೆಳೆಯರನ್ನು ತಡೆದು ನಿಲ್ಲಿಸುವ ಇನ್ನೊಂದು ಕಾಲಂನಲ್ಲಾದರೆ ಬೇರ್ಪಡುತ್ತವೆ, ಆದರೆ ಅದು ಹದಕ್ಕೆ ಬರಲು ಅರ್ಧ ದಿನ ಬೇಕು.

ಮೊನ್ನೆ, ಸಿರಪ್ಪು ತುಂಬಿದ ಲಾರಿ ಕಾಯುತ್ತಿದೆಯೆಂದು ಮ್ಯಾನೇಜರು ಅವಸರಿಸಿದಾಗ, ಮಾಮೂಲಿ ಕಾಲಂನಲ್ಲೇ ನೋಡಿ ಪಾಸ್ ಎಂದು ಸಹಿ ಹಾಕಿಬಿಟ್ಟಳು. ಮರುದಿನ ಬೆಳಿಗ್ಗೆ ಆ ಗೆರೆ ಅಚ್ಚಾದ ಕಾಗದವನ್ನು ಫೈಲಿಗೆ ಸೇರಿಸುವಾಗ ಶಿಖರದ ಬೆನ್ನಲ್ಲಿ ಅಕ್ಕಿಕಾಳಷ್ಟು ಗೂನು ಕಂಡಿತು. ಒಳಗೆ ಇನ್ನೊಂದು ಶಿಖರ ಅಡಗಿದೆಯೇನೋ ಎಂದು ಕಾಗದವನ್ನು ಬೆಳಕಿಗೆ ಹಿಡಿದಳು.

"ಏನಕ್ಕಾ, ದೆವ್ವ ಕಂಡ್ಯಾ?" ಪಕ್ಕದ ಮೇಜಿನವಳು ನಕ್ಕಳು.

"ಇಲ್ಲ ಕಣೇ, ನನ್ನ ಸಹಿ ಕಂಡೆ."

ಆ ಇನ್ನೊಂದು ಕಾಲಂ ಜೋಡಿಸಿದಳು. ಟಕಟಕ ಅನ್ನುತ್ತಿರುವುದು ಪಂಪೋ ತನ್ನ ಎದೆಯೋ ತಿಳಿಯದೆ ಮಧ್ಯಾಹ್ನದವರೆಗೆ ಕುಳಿತಳು. ಚಮಚ ಚಪ್ಪರಿಸುವ ಯಾರದೋ ಮಗು ಕಣ್ಣ ಮುಂದಿನಿಂದ ಕದಲಲಿಲ್ಲ. ಕೊನೆಗೆ ಗೆರೆ ಏರಿತು, ಇಳಿಯಿತು, ಮಟ್ಟಸವಾಯಿತು. ಇನ್ನೇನು ಉಸಿರು ಬಿಡಬೇಕು, ಮತ್ತೆ ಏರಿತು.

ಮ್ಯಾನೇಜರಿಗೆ ಫೋನು ಮಾಡಿದಳು. "ಸರ್, ಲಾರಿ ವಾಪಸ್ ಕರೆಸಿ. ವಿಷ ಇದೆ."

"ಪಾಸ್ ಮಾಡಿದ್ದು ನೀವೇ ಅಲ್ವೇನಮ್ಮಾ? ನಿಮ್ಮ ಕೆಲಸ ಹೋಗುತ್ತೆ, ಗೊತ್ತಾ?"

"ತಪ್ಪು ನಂದೇ ಸರ್. ಬರೆದು ಕೊಡ್ತೀನಿ. ಒಂದು ಬಾಟ್ಲಿನೂ ಅಂಗಡಿ ಸೇರಬಾರ್ದು. ಅಕಸ್ಮಾತ್..."

ಲಾರಿ ಅರ್ಧ ದಾರಿಯಿಂದ ತಿರುಗಿ ಬಂತು, ಪೆಟ್ಟಿಗೆಗಳ ಸೀಲು ಒಡೆದಿರಲಿಲ್ಲ. ಅಕ್ಕನ ಮೇಲಿನ ವಿಚಾರಣೆ ಮಾತ್ರ ಇನ್ನೂ ಮುಗಿದಿಲ್ಲ. ತಮಗಾಗಿ ಹೆದರುವವರು ಬೀದಿಗೆ ನೂರು ಜನ ಸಿಗುತ್ತಾರೆ. ಮುಖವನ್ನೇ ಕಾಣದ ಮಗುವೊಂದಕ್ಕಾಗಿ ಹೀಗೆ ನಡುಗುವವರು ಎಲ್ಲೋ ಒಬ್ಬರು, ಮಿಕ್ಕವರ ನೆಮ್ಮದಿಯ ನಿದ್ದೆಯೆಲ್ಲ ಅವರ ಪುಕ್ಕಲುತನದ್ದೇ ಕೊಡುಗೆ. ವಿಚಾರಣೆ ಮುಗಿಯುವ ಮೊದಲೇ ಒಮ್ಮೆ ಹೋಗಿ ಮಾತಾಡಿಸಿ ಬನ್ನಿ. ಬಾಗಿಲು ಮಾತ್ರ ಮೆಲ್ಲಗೆ ತಳ್ಳಿ, ಯಂತ್ರ ಓಡುತ್ತಿರುತ್ತದೆ.