ಆಡು ತಿಂದ ಹುಲ್ಲು

ಮನೆಗೆ ಯಾವ ಮೇವು ಬಂದರೂ ಮೊದಲು ಆಡಿಗೆ ಹಾಕಬೇಕು. ಮರುದಿನ ಬೆಳಗಿನವರೆಗೆ ಆಡು ನೆಟ್ಟಗಿದ್ದರೆ ಆಮೇಲೆ ಕುರಿಗಳಿಗೆ. ಇದು ಅತ್ತೆ ತಾರಾಬಾಯಿ ಹಾಕಿಕೊಟ್ಟ ಕಟ್ಟಳೆ. ಹಿಂದೊಮ್ಮೆ ಔಷಧಿ ಹೊಡೆದ ಜೋಳದ ಸೊಪ್ಪು ತಿಂದು ನೆರೆಹೊಲದ ಎಮ್ಮೆ ಸಂಜೆಯೊಳಗೆ ಕಾಲು ಚಾಚಿತ್ತಂತೆ. ಚನ್ನವ್ವ ಸೊಸೆಯಾಗಿ ಬಂದು ಹನ್ನೊಂದು ವರ್ಷವಾಗಿತ್ತು. ಒಂದು ದಿನವೂ ಆ ಕಟ್ಟಳೆ ಮುರಿದವಳಲ್ಲ. ಆಡು ಒಮ್ಮೆಯೂ ಮಲಗಿರಲಿಲ್ಲ, ಈಗಲೂ ಮಲಗಿಲ್ಲ. ಸತ್ತದ್ದು ಕುರಿಗಳು.

ಏಳರಲ್ಲಿ ಎರಡು ಹೋಗಿದ್ದವು. ಚನ್ನವ್ವನ ಮದುವೆಯಲ್ಲಿ ಚಿಂಚಲಿಯ ಅಣ್ಣ ಕೊಟ್ಟ ಜೋಡಿಯ ಸಂತಾನ ಅವು. ಕಾಗವಾಡದ ಸೀಮೆಯ ಅವರ ದ್ರಾಕ್ಷಿ ತೋಟದಲ್ಲಿ ಯಾವ ಸಾಲಿಗೆ ಯಾವಾಗ ನೀರು ಬಿಡಬೇಕು, ಕೂಲಿಗೆ ಯಾರನ್ನು ಕರೆಯಬೇಕು, ಕಡೆಗೆ ರಾತ್ರಿಯ ಪಲ್ಯ ಏನು, ಎಲ್ಲವನ್ನೂ ಬೇರೆಯವರು ಹೇಳುತ್ತಿದ್ದರು. ಕುರಿಯ ವಿಷಯಕ್ಕೆ ಮಾತ್ರ ಅವಳನ್ನು ಕೇಳುತ್ತಿದ್ದರು. ಅವಳು ನಾಲಿಗೆ ಲೊಚಗುಟ್ಟಿದರೆ ಸಾಕು, ಎಲ್ಲಿದ್ದರೂ ಓಡಿ ಬಂದು ಅವಳ ಸೀರೆಗೆ ಮೂತಿ ಒರಸುತ್ತಿದ್ದವು.

ಎರಡನೆಯದು ಸತ್ತ ದಿನ ದನದ ದವಾಖಾನೆಯ ಕಾಕಾಸಾಹೇಬ ಡಾಕ್ಟರು ಬಂದು ಬೇವಿನ ಗಿಡದ ಕೆಳಗೆ ಅದನ್ನು ಕೊಯ್ದು ನೋಡಿದರು. ಕಣ್ಣಿನ ಪೊರೆ ಅರಿಸಿನ ಬಳಿದಂತಿತ್ತು. ಉಚ್ಚೆಯ ಚೀಲದಲ್ಲಿ ಹಾಲಿಲ್ಲದ ಚಹಾದಂಥ ಕಪ್ಪು ನೀರು.

"ದ್ರಾಕ್ಷಿಗೆ ಏನ್ ಹೊಡೀತೀರಿ?" ಎಂದರು.

"ಮೈಲುತುತ್ತ, ಸುಣ್ಣರೀ," ಎಂದ ಚನ್ನವ್ವನ ಗಂಡ ಭೀಮಸಿ. "ಅದೇನ್ ಹೊಸಾದಲ್ರಿ ಸಾಹೇಬ್ರ, ನಮ್ಮಪ್ಪನ ಕಾಲದಿಂದ ಹೊಡಿಯಾಕತ್ತೇವಿ. ಬೇಕಾದ್ರ ಆಡು ನೋಡ್ರಿ. ಅದ ಬದುವಿನ ಹುಲ್ಲು ತಿಂದು ಗೌಡ್ಕಿ ಮಾಡಾಕತ್ತೈತಿ."

"ಆಡು ತಡ್ಕೋತೈತಿ. ಕುರಿ ತಡ್ಯಾಂಗಿಲ್ಲ." ಡಾಕ್ಟರು ಕೈ ತೊಳೆಯುತ್ತ ನಿಧಾನವಾಗಿ ಹೇಳಿದರು. "ಮೈಲುತುತ್ತದಾಗ ತಾಮ್ರ ಇರ್ತೈತಿ. ಕುರಿ ಅದನ್ನ ಕಲೀಜದಾಗ, ಅಂದ್ರ ಯಕೃತ್ತಿನಾಗ, ಕೂಡಿಟ್ಕೋತೈತಿ. ತಿಂಗಳಗಟ್ಲೆ ಮೇಯ್ತೈತಿ, ಮೆಲುಕು ಹಾಕ್ತೈತಿ, ಏನೂ ತೋರ್ಸೂದಿಲ್ಲ. ಒಂದಿನ ಅಂಜಿದ್ರ, ದಣದ್ರ, ಎಲ್ಲಾ ಒಮ್ಮೆಲೆ ರಕ್ತಕ್ಕ ಬಿಡ್ತೈತಿ."

"ಹಂಗಾದ್ರ ನಮ್ಮ ಮನಿ ಹೆಂಗಸ್ರೆಲ್ಲಾ ಕುರಿ ಇದ್ದಂಗ ಬಿಡ್ರಿ," ಎಂದಳು ತಾರಾಬಾಯಿ. ಗಂಡಸರು ನಕ್ಕರು. ಚನ್ನವ್ವ ನಗಲಿಲ್ಲ. ಅತ್ತೆಯ ಮುಖ ನೋಡಿದಳು. ಮುದುಕಿಯೂ ನಗುತ್ತಿರಲಿಲ್ಲ.

"ಉಳಿದ ಐದು?" ಎಂದು ಚನ್ನವ್ವ ಕೇಳಿದಳು.

"ಅವೂ ಅದನ್ನ ತಿಂದಾವಲ್ಲವ್ವಾ. ಬದುವಿನ ಹುಲ್ಲು ಇವತ್ತಿಂದ ಬಂದ್ ಮಾಡು. ಈ ಪುಡಿ ದಿನಾ ಹಾಕು. ಅಂಜಸಬ್ಯಾಡ, ಓಡಸಬ್ಯಾಡ, ಎಲ್ಲೂ ಹೊಡ್ಕೊಂಡು ಹೋಗಬ್ಯಾಡ. ಒಂದೂವರಿ ತಿಂಗಳ ಕಳದ್ರ ಉಳೀತಾವ."

ಬದುವಿನ ಹುಲ್ಲನ್ನು ಕುಡುಗೋಲು ಹಿಡಿದು ಕೊಯ್ದು ತಂದವಳು ಅವಳೇ. ಮೊದಲು ಪೈಪು ಹಿಡಿದು ಕೈಯಿಂದ ಹೊಡೆಯುತ್ತಿದ್ದಾಗ ಬದು ಬಂದರೆ ಕೈ ಬೇರೆ ಕಡೆ ತಿರುಗುತ್ತಿತ್ತು. ಆ ವರ್ಷ ಮೇ ತಿಂಗಳಲ್ಲಿ ಭೀಮಸಿ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಬ್ಲೋವರ್ ತಂದ. ಮಾರಿದವನು, ಎಲೆಗೆ ಎಷ್ಟು ಬೇಕೋ ಅಷ್ಟೇ, ಹನಿಯೂ ಹಾಳಾಗುವುದಿಲ್ಲ ಎಂದಿದ್ದ. ಹನಿ ಹಾಳಾಗಲಿಲ್ಲ. ದೊಡ್ಡ ಫ್ಯಾನು ಅದನ್ನು ಮಂಜು ಮಾಡಿ ಕಡೆಯ ಸಾಲನ್ನು ದಾಟಿಸಿ ಬದುವಿನ ಮೇಲೆ ಇಳಿಸಿತು. ಮಳೆಗಾಲವಿಡೀ ಹುಲ್ಲಿನ ಮೇಲೆ ತೆಳು ನೀಲಿ ಬೂದಿ ಕಾಣುತ್ತಿತ್ತು. ಆಡು ತಿಂದಿತ್ತು, ಬದುಕಿತ್ತು. ಅವಳು ಕುರಿಗಳಿಗೂ ಹಾಕಿದಳು.

ಡಾಕ್ಟರು ಹೋಗಿ ನಾಲ್ಕನೆಯ ದಿನ ಮಂಜು ಬಿತ್ತು. ಮಂಜು ಬಿದ್ದರೆ ಎಲೆಗೆ ಡೌನಿ ರೋಗ ಹಿಡಿಯುತ್ತದೆ. ಮರುದಿನ ಬೆಳಿಗ್ಗೆ ಔಷಧಿ ಹೊಡೆಯಲೇಬೇಕು. ಕುರಿದೊಡ್ಡಿ ಇದ್ದದ್ದು ಬದುವಿನ ಆಚೆ, ಕಡೆಯ ಸಾಲಿಗೆ ಹತ್ತು ಮಾರು ದೂರದಲ್ಲಿ.

"ದೊಡ್ಡಿ ಕಡೆ ಔಷಧಿ ಬಿಡೂ ಕಾಕ್ ಬಂದ್ ಮಾಡ್ರಿ," ಎಂದಳು ಊಟಕ್ಕೆ ಬಡಿಸುತ್ತ. "ಆ ಸಾಲಿಗೆ ಹಳೀ ಪಂಪಿಲೆ ನಾ ಹೊಡೀತೀನಿ."

"ಡೌನಿ ಬಿದ್ರ ನಿನ್ನ ಕುರಿ ಬಂದು ಗೊನಿ ಬಿಡ್ತಾವೇನ್?" ಭೀಮಸಿ ರೊಟ್ಟಿ ಮುರಿದ. ಸಿಟ್ಟಿನಿಂದೇನೂ ಹೇಳಲಿಲ್ಲ. "ಪಲ್ಯಾ ಹಾಕು."

ಅವಳು ಪಲ್ಯ ಹಾಕಿದಳು. ಹನ್ನೊಂದು ವರ್ಷ ಹಾಗೆಯೇ ಹಾಕಿದ್ದಳು. ಬಾಯಿಗೆ ಬಂದದ್ದು ಪ್ರತಿ ಸಲವೂ ಕೆಳಗಿಳಿದು ಎಲ್ಲೋ ಕೂತುಕೊಳ್ಳುತ್ತಿತ್ತು. ಅದು ಎಲ್ಲಿ ಕೂರುತ್ತದೆ ಎಂದು ಅಂದು ಮೊದಲ ಸಲ ಯೋಚಿಸಿದಳು.

ಬೆಳಿಗ್ಗೆ ಗಂಡ ಚಹಾ ಕುಡಿಯುತ್ತಿದ್ದಾಗ ಅವಳು ಬ್ಲೋವರಿನ ಹತ್ತಿರ ಹೋದಳು. ಎರಡು ಕಡೆಗೂ ಒಂದೊಂದು ಹಿತ್ತಾಳೆಯ ಕಾಕ್. ದೊಡ್ಡಿಯ ಕಡೆಯದನ್ನು ಎರಡೂ ಕೈಯಿಂದ ಬಿಗಿಯಾಗಿ ತಿರುಗಿಸಿ ಮುಚ್ಚಿದಳು. ಹಿತ್ತಾಳೆಗೆ ಹಿಡಿದ ಕಿಲುಬಿನಿಂದ ಅಂಗೈ ಹಸಿರಾಯಿತು. ಸೀರೆಗೆ ಒರಸಿಕೊಳ್ಳದೆ ಹಾಗೆಯೇ ದೊಡ್ಡಿಯ ಬಾಗಿಲಿಗೆ ಬಂದು ನಿಂತಳು. ಒಳಗೆ ಐದೂ ಮಲಗಿ ಮೆಲುಕು ಹಾಕುತ್ತಿದ್ದವು. ಆಡು ಹೊರಗೆ ಗೂಟದಲ್ಲಿತ್ತು.

ಭೀಮಸಿ ಕಡೆಯ ಸಾಲಿಗೆ ಟ್ರ್ಯಾಕ್ಟರ್ ಇಳಿಸಿ ಫ್ಯಾನು ಹಚ್ಚಿದ. ಆಚೆ ಬದಿಯಲ್ಲಿ ನೀಲಿ ಮಂಜು ಎದ್ದಿತು, ಈಚೆ ಒಂದು ಹನಿಯೂ ಬರಲಿಲ್ಲ. ಚನ್ನವ್ವ ಉಸಿರು ಬಿಟ್ಟಳು. ಆದರೆ ಅವಳು ಮುಚ್ಚಿದ್ದು ನೀರನ್ನು, ಫ್ಯಾನಿನ ಸದ್ದನ್ನಲ್ಲ. ಔಷಧಿ ಹೊಡೆಯುವ ದಿನ ಕುರಿಗಳನ್ನು ಅವಳು ಕಾಲುವೆಯ ಕಡೆ ಮೇಯಿಸಲು ಒಯ್ಯುತ್ತಿದ್ದಳು. ಈ ಸದ್ದನ್ನು ಅವು ಇಷ್ಟು ಹತ್ತಿರದಿಂದ ಎಂದೂ ಕೇಳಿರಲಿಲ್ಲ. ಇಂದು ಡಾಕ್ಟರ ಮಾತಿಗೆ ಕಟ್ಟುಬಿದ್ದು ಅವುಗಳನ್ನು ಹೊರಗೆ ಹೊಡೆದುಕೊಂಡು ಹೋಗಿರಲಿಲ್ಲ.

ಐದೂ ಒಟ್ಟಿಗೆ ಎದ್ದವು. ಮುಳ್ಳಿನ ಬೇಲಿಗೆ ನುಗ್ಗಿದವು, ತಿರುಗಿದವು, ಮತ್ತೆ ನುಗ್ಗಿದವು. ಅವಳು ಎರಡೂ ತೋಳೆತ್ತಿ "ಬಂದ್ ಮಾಡ್ರಿ" ಎಂದು ಕೂಗಿದಳು. ಹಾಗೆ ಗಂಡನ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಫ್ಯಾನಿನ ಮುಂದೆ ಅದು ಅವಳಿಗೇ ಕೇಳಿಸಲಿಲ್ಲ.

ಸಾಲಿನ ತುದಿಯಲ್ಲಿ ಭೀಮಸಿ ಔಷಧಿ ಬೀಳದ ಎಲೆಗಳನ್ನು ಕಂಡು ಎಂಜಿನ್ ನಿಲ್ಲಿಸಿದ. ಇಳಿದು ಬಂದು ಕಾಕ್ ನೋಡಿದ, ಆಮೇಲೆ ಹೆಂಡತಿಯ ಹಸಿರು ಕೈ ನೋಡಿದ. ಅಷ್ಟರಲ್ಲಿ ಅವನ ಕಣ್ಣು ಅವಳ ಹಿಂದೆ ದೊಡ್ಡಿಯೊಳಗೆ ನೆಟ್ಟಿತ್ತು.

ಅವಳು ತಿರುಗಿದಳು. ನಾಲ್ಕು ಕುರಿ ಮೂಲೆಯಲ್ಲಿ ಒತ್ತಿಕೊಂಡು ನಿಂತಿದ್ದವು. ಎಲ್ಲಕ್ಕೂ ಹಿರಿಯದು ಮಾತ್ರ ನಡುವೆ ಒಂಟಿಯಾಗಿ, ಹಿಂಗಾಲು ಅಗಲಿಸಿ ನಿಂತಿತ್ತು. ಅದರ ಕೆಳಗೆ ಹಾಲಿಲ್ಲದ ಚಹಾದಂಥ ಉಚ್ಚೆಗೆ ನೆಲ ಕಪ್ಪಗೆ ತೋಯುತ್ತಿತ್ತು. ಅದು ತಲೆ ಎತ್ತಿ ಅವಳನ್ನೇ ನೋಡಿತು, ಕರೆಯಲಿ ಎಂದು ಕಾಯುವ ಹಾಗೆ.

ಕರೆದರೆ ಓಡಿ ಬರುತ್ತದೆ. ಚನ್ನವ್ವ ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದು ನಿಂತಳು. ಹೊರಗೆ ಗೂಟದಲ್ಲಿದ್ದ ಆಡು ಹಗ್ಗ ಜಗ್ಗಿ ಬದುವಿನ ಹುಲ್ಲಿಗೆ ಬಾಯಿ ಹಾಕಿತು.